ಬರೀ ನಾಳೆಯ ಹವೆಯಲ್ಲ, 300 ವರ್ಷದ ಲೆಕ್ಕ: ಸ್ವೀಡನ್ನಿನ ಎಸ್‌ಎಂಎಚ್‌ಐ ಹವಾಮಾನ ಸೇವೆ ಹೇಗಿದೆ?

ಸ್ವೀಡನ್ನಿನಲ್ಲಿರುವ ನಮ್ಮವರಲ್ಲಿ ಬಹಳ ಜನರ ಫೋನಿನಲ್ಲಿ ಎಸ್‌ಎಂಎಚ್‌ಐ ಆ್ಯಪ್ ಇರುತ್ತದೆ. ನಾಳೆ ಮಗುವಿಗೆ ಎಷ್ಟು ದಪ್ಪದ ಜಾಕೆಟ್ ಹಾಕಬೇಕು, ಸೈಕಲ್‌ನಲ್ಲಿ ಹೋಗಬಹುದಾ, ಬಸ್ಸೇ ಗತಿಯಾ ಎಂದು ನೋಡಲು ಅದು ಬೇಕು. ಇದು ಇಲ್ಲಿನ ಸರ್ಕಾರಿ ಹವಾಮಾನ ಸಂಸ್ಥೆ. ಕಚೇರಿ ನಾರ್‌ಶೋಪಿಂಗ್ ಊರಿನಲ್ಲಿದೆ. ನಾನು ಈಗ ಬರೆಯುತ್ತಿರುವುದು ಆ ಆ್ಯಪ್ ಬಗ್ಗೆ ಅಲ್ಲ. ಅದೇ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಇನ್ನೊಂದು ಸೇವೆ ಇದೆ. ಹವಾಮಾನ ಹೇಗೆ ಬದಲಾಗುತ್ತಾ ಬಂದಿದೆ ಎಂದು ತೋರಿಸುವ ಸೂಚಕಗಳ ಪುಟಗಳು, ಹಳೆಯ ಅಳತೆಗಳನ್ನೆಲ್ಲ ಇಳಿಸಿಕೊಳ್ಳುವ ವ್ಯವಸ್ಥೆ, ಮುಂದೆ ಏನಾಗಬಹುದು ಎನ್ನುವ ನಕ್ಷೆಗಳು. ಎಲ್ಲವೂ ಪುಕ್ಕಟೆ. ಇಷ್ಟು ಒಳ್ಳೆಯ ಸೇವೆಯನ್ನು ನಮ್ಮವರು ಯಾಕೆ ಬಳಸುವುದಿಲ್ಲ ಎಂದು ನನಗೆ ತುಂಬ ಸಲ ಅನ್ನಿಸಿದೆ. ಅದಕ್ಕೇ ಈ ವಿಮರ್ಶೆ.

ಇದು ಯಾಕೆ ಬೇಕು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2024ರ ಜನವರಿ 3ರಂದು ಉತ್ತರದ ಕ್ವಿಕ್‌ಯೋಕ್ ಹತ್ತಿರದ ಕೇಂದ್ರದಲ್ಲಿ ಮೈನಸ್ 43.6 ಡಿಗ್ರಿ ದಾಖಲಾಯಿತು. ಅದೇ ಹೊತ್ತಿಗೆ ದಕ್ಷಿಣದ ಸ್ಕೋನೆಯಲ್ಲಿ ಇ22 ಹೆದ್ದಾರಿಯ ಮೇಲೆ ಸುಮಾರು ಸಾವಿರ ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡವು. ಜನ ರಾತ್ರಿಯಿಡೀ ಕಾರಿನಲ್ಲೇ ಕೂತಿದ್ದರು. ಆ ವಾರ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. "ಭೂಮಿ ಬಿಸಿಯಾಗ್ತಿದೆ ಅಂತಾರಲ್ಲ, ಎಲ್ರೀ ಬಿಸಿ?" 2018ರ ಬೇಸಿಗೆಯಲ್ಲಿ ಇದೇ ಜನರ ಮಾತು ಉಲ್ಟಾ ಇತ್ತು. ಆ ವರ್ಷ ಬರ ಬಂದು ಸುಮಾರು 25,000 ಹೆಕ್ಟೇರ್ ಕಾಡು ಸುಟ್ಟಿತು. ಬೆಂಕಿ ಆರಿಸಲು ಇಟಲಿ, ಫ್ರಾನ್ಸ್‌ನಿಂದ ವಿಮಾನಗಳು ಬಂದವು. ಆಗ ಎಲ್ಲರೂ "ಇನ್ನು ಪ್ರತಿ ವರ್ಷ ಹೀಗೇ" ಅಂದರು. ಮುಂದಿನ ಬೇಸಿಗೆ ಹಾಗಿರಲಿಲ್ಲ. ಮರೆತರು.

ಚಳಿಯಾದಾಗ ಒಂದು ಮಾತು, ಸೆಕೆಯಾದಾಗ ಇನ್ನೊಂದು ಮಾತು. ಎರಡಕ್ಕೂ ಒಂದೇ ಚಿತ್ರದಲ್ಲಿ ಉತ್ತರ ಕೊಡುವುದು ಈ ಸೇವೆಯ ದೊಡ್ಡ ಗುಣ.

ಮೊದಲು ತೆರೆಯಬೇಕಾದದ್ದು ಉಷ್ಣತೆಯ ಸೂಚಕದ ಪುಟ. ದೇಶದ 35 ಕೇಂದ್ರಗಳ ಸರಾಸರಿ, 1860ರಿಂದ ಇಲ್ಲಿಯವರೆಗೆ. ಪ್ರತಿ ವರ್ಷಕ್ಕೆ ಒಂದು ಕಂಬ. ಸಾಮಾನ್ಯಕ್ಕಿಂತ ಬಿಸಿಯಾದ ವರ್ಷ ಕೆಂಪು, ತಣ್ಣಗಿದ್ದ ವರ್ಷ ನೀಲಿ. ಆ ಕಂಬಗಳ ನಡುವೆ ಒಂದು ಕಪ್ಪು ಗೆರೆ ಮೆಲ್ಲಗೆ ಹಾದುಹೋಗುತ್ತದೆ. ಅದು ಸುಮಾರು ಹತ್ತು ವರ್ಷದ ಸರಾಸರಿಯ ಹಾಗೆ ನುಣುಪು ಮಾಡಿದ ಗೆರೆ. ಕಂಬಗಳು ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ ಕುಣಿಯುತ್ತವೆ. ಗೆರೆಗೆ ಆ ಅವಸರ ಇಲ್ಲ. ಆದರೂ ಬಲಗಡೆಗೆ ಬಂದಂತೆ ಅದು ಏರುತ್ತದೆ. 1861ರಿಂದ 1890ರ ಸರಾಸರಿಗೂ 1991ರಿಂದ 2020ರ ಸರಾಸರಿಗೂ ಇರುವ ವ್ಯತ್ಯಾಸ 1.9 ಡಿಗ್ರಿ. ಅದೇ ಅವಧಿಯಲ್ಲಿ ಇಡೀ ಭೂಮಿ ಬಿಸಿಯಾದದ್ದಕ್ಕಿಂತ ಇದು ಸುಮಾರು ಎರಡು ಪಟ್ಟು. ಉತ್ತರದ ದೇಶಗಳಲ್ಲಿ ಹೀಗಾಗುವುದಕ್ಕೆ ಕಾರಣಗಳಿವೆ. ಸಮುದ್ರಕ್ಕಿಂತ ನೆಲ ಬೇಗ ಬಿಸಿಯಾಗುತ್ತದೆ. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುತ್ತದೆ. ಹಿಮ ಬೇಗ ಕರಗಿದರೆ ಕೆಳಗಿನ ಕಪ್ಪು ನೆಲ ಆ ಬಿಸಿಲನ್ನು ಹೀರುತ್ತದೆ, ಆಮೇಲೆ ಇನ್ನಷ್ಟು ಹಿಮ ಕರಗುತ್ತದೆ.

ಈ ಚಿತ್ರದಲ್ಲಿ ನಾನು ಎಲ್ಲರಿಗೂ ಬೆರಳಿಟ್ಟು ತೋರಿಸುವ ಕಂಬ 2010ರದ್ದು. ಸುತ್ತಲೂ ಕೆಂಪು ಕಂಬಗಳು, ನಡುವೆ ಅದೊಂದು ನೀಲಿ. ಆ ವರ್ಷದ ಆರಂಭವೂ ಚಳಿ, ಡಿಸೆಂಬರ್ ಅಂತೂ ಭಯಂಕರ ಚಳಿ. ಸ್ವೀಡನ್ನಿನಲ್ಲಿ ಕೂತು ನೋಡಿದರೆ ಬಿಸಿಯಾಗುವುದು ನಿಂತೇಹೋಯಿತು ಅನ್ನಿಸಬೇಕು. ಆದರೆ ಇಡೀ ಭೂಮಿಯ ಲೆಕ್ಕದಲ್ಲಿ 2010 ಆಗಿನವರೆಗಿನ ಅತಿ ಬಿಸಿಯ ವರ್ಷ, 2005ಕ್ಕೆ ಸರಿಸಮ. ಇಲ್ಲಿ ನಾವು ನಡುಗುತ್ತಿದ್ದಾಗ ಗ್ರೀನ್‌ಲ್ಯಾಂಡ್‌ನಲ್ಲಿ ಬಿಸಿ ಹೆಚ್ಚಾಗಿ ಮಂಜು ವಿಪರೀತ ಕರಗಿತು. ಅಂದರೆ ಚಳಿ ಹೊಸದಾಗಿ ಹುಟ್ಟಿರಲಿಲ್ಲ, ಜಾಗ ಬದಲಿಸಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಉತ್ತರ ಅಟ್ಲಾಂಟಿಕ್ ಆಂದೋಲನ, ಅಂದರೆ ಆ ಸಮುದ್ರದ ಮೇಲಿನ ಗಾಳಿಯ ಒತ್ತಡದ ಏರಿಳಿತ, ಎನ್ನುವುದನ್ನು ತಿಳಿಯಬೇಕು. ಐಸ್‌ಲ್ಯಾಂಡ್ ಹತ್ತಿರ ಗಾಳಿಯ ಒತ್ತಡ ಸಾಮಾನ್ಯವಾಗಿ ಕಡಿಮೆ. ಅದರಿಂದ ಬಹಳ ದಕ್ಷಿಣಕ್ಕಿರುವ ಅಜೋರ್ಸ್ ದ್ವೀಪಗಳ ಹತ್ತಿರ ಜಾಸ್ತಿ. ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದಿದ್ದರೆ ಪಶ್ಚಿಮದಿಂದ ಜೋರಾಗಿ ಗಾಳಿ ಬೀಸುತ್ತದೆ. ಸಮುದ್ರದ ಮೇಲಿನ ಬೆಚ್ಚಗಿನ ತೇವದ ಗಾಳಿ ಚಳಿಗಾಲದಲ್ಲಿ ನೇರ ಸ್ವೀಡನ್ನಿಗೆ ಬರುತ್ತದೆ. ಆಗ ಹಿಮದ ಬದಲು ಮಳೆ, ಕೆಸರು, ಮೋಡ. ವ್ಯತ್ಯಾಸ ಕುಗ್ಗಿದರೆ ಆ ಗಾಳಿ ಸೋಲುತ್ತದೆ. ಉತ್ತರದಿಂದ, ಪೂರ್ವದ ರಷ್ಯಾ ಕಡೆಯಿಂದ ಒಣ ಚಳಿ ಗಾಳಿ ಒಳನುಗ್ಗುತ್ತದೆ. 2009-10ರ ಚಳಿಗಾಲದಲ್ಲಿ ಈ ವ್ಯತ್ಯಾಸ ವಿಪರೀತ ಕುಗ್ಗಿತ್ತು. ಇದು ಯಾರೂ ಮಾಡಿದ್ದಲ್ಲ, ಪ್ರಕೃತಿಯ ಏರಿಳಿತ. ಹಿಂದೆಯೂ ಇತ್ತು, ಮುಂದೆಯೂ ಇರುತ್ತದೆ. ಬದಲಾಗಿರುವುದು ಈ ಏರಿಳಿತ ನಡೆಯುವ ಮಟ್ಟ.

ಹಾಗಾಗಿ ನನ್ನ ಸಲಹೆ ಏನೆಂದರೆ, ವರ್ಷದ ಚಿತ್ರಕ್ಕೆ ನಿಲ್ಲಬೇಡಿ. ಅದೇ ಪುಟದಲ್ಲಿ ಋತುಗಳನ್ನು ಬೇರೆ ಬೇರೆಯಾಗಿ ನೋಡಬಹುದು. ಚಳಿಗಾಲವನ್ನು ಒತ್ತಿ ನೋಡಿ. ಬೇಸಿಗೆಯ ಕಂಬಗಳು ಒಂದೆರಡು ಡಿಗ್ರಿ ಆಚೀಚೆ ಆದರೆ ಚಳಿಗಾಲದ ಕಂಬಗಳು ಹುಚ್ಚಾಪಟ್ಟೆ ಕುಣಿಯುತ್ತವೆ. ನಾನಿರುವ ಉಪ್ಸಾಲಾದಲ್ಲಿ 1987ರ ಜನವರಿಗೂ 2020ರ ಜನವರಿಗೂ ಸರಾಸರಿಯಲ್ಲೇ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ. ಇಷ್ಟು ಕುಣಿತದ ನಡುವೆ ಎರಡು ಡಿಗ್ರಿ ಏರಿಕೆಯನ್ನು ಮೈಯಿಂದ ತಿಳಿಯಲು ಯಾರಿಗೂ ಸಾಧ್ಯವಿಲ್ಲ. ನೆನಪಿನಿಂದಲೂ ಆಗದು. ಅಳತೆ ಬೇಕು, ಅದೂ ಬಹಳ ವರ್ಷಗಳ ಅಳತೆ.

ಹಳೆಯ ಕಾಲದ ಕಂಬಗಳಲ್ಲಿ ನನಗೆ ತುಂಬ ಹಿಡಿಸಿದ್ದು 1930ರ ದಶಕ. ಆಗ ಕೆಲವು ವರ್ಷ ಇಲ್ಲಿ ಚೆನ್ನಾಗಿಯೇ ಬಿಸಿ ಇತ್ತು. ವಾಸಾಲೋಪೆತ್ ಎನ್ನುವ 90 ಕಿಲೋಮೀಟರ್ ಸ್ಕೀ ಓಟ ಇಲ್ಲಿನವರಿಗೆ ಜಾತ್ರೆಯಷ್ಟೇ ಮುಖ್ಯ. ಹಿಮ ಸಾಲದೆ ಅದು ನಿಂತದ್ದು 1932ರಲ್ಲಿ, 1934ರಲ್ಲಿ, ಆಮೇಲೆ 1990ರಲ್ಲಿ. ಮೂವತ್ತರ ದಶಕದಲ್ಲೇ ಹಿಮ ಕೈಕೊಟ್ಟಿತ್ತಲ್ಲ, ಹಾಗಾದರೆ ಈಗಿನದ್ದೇನು ಹೊಸತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಚಿತ್ರದಲ್ಲೇ ಇದೆ. ಆ ಬಿಸಿಯ ವರ್ಷಗಳ ಬೆನ್ನಿಗೇ 1940, 1941, 1942ರ ಘೋರ ಚಳಿಗಾಲಗಳು ಬಂದವು. ಯುದ್ಧಕಾಲದ ಚಳಿಗಾಲ ಎಂದು ಇಲ್ಲಿನ ಅಜ್ಜ ಅಜ್ಜಿಯರು ಈಗಲೂ ಹೇಳುವುದು ಅವನ್ನೇ. ಗೆರೆ ಏರಿ ಮತ್ತೆ ಇಳಿಯಿತು. 1980ರ ದಶಕದ ಕೊನೆಯಿಂದ ಏರಿದ ಗೆರೆ ಹಾಗೆ ಹಳೆಯ ಮಟ್ಟಕ್ಕೆ ಇಳಿದಿಲ್ಲ. 2010ರ ನೀಲಿ ಕಂಬ ಕೂಡ ಅದನ್ನು ಇಳಿಸಲಿಲ್ಲ. ವಾಸಾಲೋಪೆತ್ ಈಗ ನಿಲ್ಲದಿರುವುದು ಹಿಮ ಬಂದದ್ದರಿಂದ ಮಾತ್ರ ಅಲ್ಲ. ಹಿಮ ತಯಾರಿಸಿ, ಕೂಡಿಟ್ಟು, ಹಾದಿಗೆ ಹಾಸುತ್ತಾರೆ.

ಈ ಪುಟಗಳಲ್ಲಿ ಒಂದು ವಿಷಯವನ್ನು ಮಾತ್ರ ಮೊದಲೇ ಗಮನಿಸಬೇಕು. "ಸಾಮಾನ್ಯ" ಎಂದರೆ ಯಾವ ಮೂವತ್ತು ವರ್ಷ? ಹವಾಮಾನ ಸಂಸ್ಥೆಗಳು ಮೂವತ್ತು ವರ್ಷದ ಸರಾಸರಿಯನ್ನು ಸಾಮಾನ್ಯ ಎಂದು ಇಟ್ಟುಕೊಳ್ಳುತ್ತವೆ. ಮೊದಲು 1961ರಿಂದ 1990 ಇತ್ತು. 2021ರಿಂದ 1991-2020 ಬಳಕೆಗೆ ಬಂತು. ಹಳೆಯ ಸಾಮಾನ್ಯಕ್ಕೆ ಹೋಲಿಸಿದರೆ ಬೆಚ್ಚಗಿನದು ಅನ್ನಿಸುವ ಜನವರಿ, ಹೊಸ ಸಾಮಾನ್ಯಕ್ಕೆ ಹೋಲಿಸಿದರೆ ಬರೀ ಮಾಮೂಲಿ. ಟಿವಿಯಲ್ಲಿ "ಈ ತಿಂಗಳು ಸಾಮಾನ್ಯದಷ್ಟೇ ಇತ್ತು" ಎಂದಾಗ ಜನ ಸಮಾಧಾನ ಪಡುತ್ತಾರೆ. ಆ ಸಾಮಾನ್ಯವೇ ಮೇಲೇರಿ ಕೂತಿದೆ. ಯಾವ ಅವಧಿ ಎಂದು ಪ್ರತಿ ಚಿತ್ರದ ಪಕ್ಕ ದಪ್ಪ ಅಕ್ಷರದಲ್ಲಿ ಬರೆದರೆ ನನ್ನಂಥ ಸಾಮಾನ್ಯ ಓದುಗರಿಗೆ ಬಹಳ ಅನುಕೂಲ.

ಋತುಗಳನ್ನು ಇವರು ಎಣಿಸುವ ರೀತಿಯೂ ಚೆನ್ನಾಗಿದೆ. ಕ್ಯಾಲೆಂಡರ್ ನೋಡಿ ಅಲ್ಲ. ದಿನದ ಸರಾಸರಿ ಉಷ್ಣತೆ ಐದು ದಿನ ಸತತವಾಗಿ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ ಚಳಿಗಾಲ ಬಂತು. ಏಳು ದಿನ ಸತತ ಸೊನ್ನೆಗಿಂತ ಮೇಲಿದ್ದರೆ ವಸಂತ. ಆದರೆ ವಸಂತವನ್ನು ಫೆಬ್ರವರಿ 15ಕ್ಕಿಂತ ಮೊದಲು ಒಪ್ಪುವುದಿಲ್ಲ. ಐದು ದಿನ ಹತ್ತು ಡಿಗ್ರಿ ದಾಟಿದರೆ ಬೇಸಿಗೆ. ವಸಂತ ದಕ್ಷಿಣದಿಂದ ಉತ್ತರಕ್ಕೆ ಹತ್ತುವುದನ್ನು ನಕ್ಷೆಯಲ್ಲಿ ನೋಡುವುದೇ ಒಂದು ಖುಷಿ. 2019-20ರಲ್ಲಿ ದಕ್ಷಿಣ ಸ್ವೀಡನ್ನಿನ ಬಹಳ ಕಡೆ ಈ ಲೆಕ್ಕದ ಪ್ರಕಾರ ಚಳಿಗಾಲವೇ ಬರಲಿಲ್ಲ. ಶರತ್ಕಾಲದಿಂದ ನೇರ ವಸಂತ. ಅದೇ ವರ್ಷ ಬಾಲ್ಟಿಕ್ ಸಮುದ್ರದಲ್ಲಿ ಮಂಜುಗಡ್ಡೆ ಎಂದೂ ಕಾಣದಷ್ಟು ಕಡಿಮೆ ಇತ್ತು.

ಈಗ ಈ ಸೇವೆಯ ಅತಿ ಬೆಲೆಬಾಳುವ ಭಾಗಕ್ಕೆ ಬರುತ್ತೇನೆ, ಉಪ್ಸಾಲಾದ ಉಷ್ಣತೆಯ ಸರಣಿ. 1722ರಿಂದ ಇದೆ! ಸ್ಟಾಕ್‌ಹೋಮ್‌ನದ್ದು 1756ರಿಂದ. ಉಪ್ಸಾಲಾದಲ್ಲಿ ಶುರು ಮಾಡಿದವರು ಎರಿಕ್ ಬೂರ್ಮನ್ ಎನ್ನುವ ಖಗೋಳ ಪ್ರೊಫೆಸರ್. ಅವರ ಜೊತೆಗಿದ್ದ ಹುಡುಗ ಆಂಡರ್ಸ್ ಸೆಲ್ಸಿಯಸ್. ನಾವು ದಿನಾ ಹೇಳುವ ಡಿಗ್ರಿ ಸೆಲ್ಸಿಯಸ್ ಈತನದ್ದೇ, 1742ರದ್ದು. ಆತನ ವೀಕ್ಷಣಾಲಯದ ಮನೆ ಇವತ್ತಿಗೂ ಸ್ವಾರ್ಟ್‌ಬೆಕ್ಸ್‌ಗಾತನ್ ಎಂಬ ಅಂಗಡಿ ಬೀದಿಯಲ್ಲಿ ರಸ್ತೆಗೆ ಓರೆಯಾಗಿ ನಿಂತಿದೆ. ನಾನು ದಿನಸಿ ತರಲು ಹೋಗುವುದು ಅದರ ಮುಂದೆಯೇ. ಜನ ಬಟ್ಟೆ ಅಂಗಡಿಗೆ ನುಗ್ಗುತ್ತಿರುತ್ತಾರೆ, ಆ ಮನೆಯನ್ನು ನೋಡುವವರು ಕಡಿಮೆ.

ಹಳೆಯ ಅಳತೆಗಳನ್ನು ಹಾಗೇ ನಂಬಬಹುದಾ? ಇದನ್ನು ಈ ಸೇವೆ ಮುಚ್ಚಿಡುವುದಿಲ್ಲ, ಅದು ನನಗೆ ತುಂಬ ಇಷ್ಟವಾಯಿತು. ಥರ್ಮಾಮೀಟರ್ ಜಾಗ ಬದಲಾಗಿದೆ. ಮೊದಲ ಕಾಲದ ಕೆಲವು ವರ್ಷಗಳಿಗೆ ಬೇರೆ ಊರಿನ ಅಳತೆಗಳಿಂದ ತೂತು ಮುಚ್ಚಿದ್ದಾರೆ. ಊರು ಬೆಳೆದಂತೆ ಕಟ್ಟಡ, ರಸ್ತೆಗಳಿಂದ ಉಷ್ಣತೆ ಏರುತ್ತದೆ, ಅದನ್ನು ಕಳೆಯಬೇಕು. ಹಳೆಯ ಕಾಲದಲ್ಲಿ ಥರ್ಮಾಮೀಟರಿಗೆ ಬಿಸಿಲಿನಿಂದ ಸರಿಯಾದ ಮರೆ ಇರಲಿಲ್ಲ, ಹಾಗಾಗಿ ಆಗಿನ ಬೇಸಿಗೆಯ ಅಂಕಿಗಳು ಸ್ವಲ್ಪ ಜಾಸ್ತಿಯೇ ಇರಬಹುದು. ಇವನ್ನೆಲ್ಲ ಸರಿಪಡಿಸಿಯೇ ಸರಣಿ ಕಟ್ಟಬೇಕಾಗುತ್ತದೆ.

"ಅಂಕಿ ತಿದ್ದುತ್ತಾರೆ" ಎಂದು ಕೆಲವರು ಇದನ್ನೇ ದೊಡ್ಡ ಮೋಸ ಎನ್ನುವ ಹಾಗೆ ಹೇಳುತ್ತಾರೆ. ನಾನು ಕಾಫಿ ತೋಟದ ಮನೆಯವಳು. ಸಕಲೇಶಪುರದ ಹತ್ತಿರ ನಮ್ಮ ತೋಟ. ಅಪ್ಪ ಬೆಳಿಗ್ಗೆ ಎದ್ದು ಮೊದಲು ನೋಡುವುದು ಮಳೆ ಮಾಪಕವನ್ನೇ. ಇಂಚು, ಸೆಂಟು ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಹೂಮಳೆ ಯಾವಾಗ ಬಿತ್ತು, ಎಷ್ಟು ಬಿತ್ತು ಎನ್ನುವುದಕ್ಕೆ ಆ ಪುಸ್ತಕವೇ ಸಾಕ್ಷಿ. ಸಿಲ್ವರ್ ಓಕ್ ಮರಗಳು ಬೆಳೆದು ಮಾಪಕದ ಮೇಲೆ ಬಾಗಿದಾಗ ಅದನ್ನು ಕಾಫಿ ಕಣದ ಪಕ್ಕಕ್ಕೆ ತಂದರು. ಆ ತಾರೀಕನ್ನೂ ಕೆಂಪು ಶಾಯಿಯಲ್ಲಿ ಬರೆದಿಟ್ಟರು. ಯಾಕೆಂದರೆ ಮರದ ಕೆಳಗಿನ ಅಳತೆಯನ್ನೂ ಬಯಲಿನ ಅಳತೆಯನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ಮಳೆ ಜಾಸ್ತಿಯಾಯಿತು ಎಂದು ಸುಳ್ಳು ತೀರ್ಮಾನ ಬರುತ್ತದೆ. ಅಳತೆ ಇಡುವವರಿಗೆ ಇದು ಗೊತ್ತು. ಮೂಲ ಅಂಕಿಯನ್ನೂ ಉಳಿಸಿಕೊಂಡು, ಯಾಕೆ ಸರಿಪಡಿಸಿದೆವು ಎಂದು ಬರೆದಿಟ್ಟರೆ ಅದು ಪ್ರಾಮಾಣಿಕತೆ.

ಇನ್ನು ಅಂಕಿಗಳನ್ನು ಇಳಿಸಿಕೊಳ್ಳುವ ಪುಟ. ಉಷ್ಣತೆ, ಮಳೆ, ಗಾಳಿ, ಹಿಮದ ಆಳ, ಏನು ಬೇಕೋ ಆರಿಸಿ, ನಕ್ಷೆಯಲ್ಲಿ ಕೇಂದ್ರವನ್ನು ಒತ್ತಿದರೆ ಫೈಲ್ ಬರುತ್ತದೆ. ಮಗಳ ಶಾಲೆಯ ಕೆಲಸಕ್ಕೆ ನಾವಿಬ್ಬರೂ ಕೂತು ಹಿಮದ ಆಳದ ಅಂಕಿಗಳನ್ನು ಇಳಿಸಿ ಗ್ರಾಫ್ ಹಾಕಿದೆವು. ಹೈಸ್ಕೂಲಿನ ಮಕ್ಕಳಿಗೆ ಸುಲಭವಾಗಿ ಆಗುವ ಕೆಲಸ. ಕೆಲವು ಸಂಗತಿ ಗೊತ್ತಿದ್ದರೆ ಸಮಯ ಉಳಿಯುತ್ತದೆ. ಫೈಲಿನಲ್ಲಿ ಕಾಲಂಗಳ ನಡುವೆ ಅಲ್ಪವಿರಾಮ ಇಲ್ಲ, ಅರ್ಧವಿರಾಮ ಇದೆ. ಎಕ್ಸೆಲ್‌ಗೆ ಅದನ್ನು ಹೇಳಬೇಕು. ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ಸ್ವೀಡನ್ನಿನ ಗಡಿಯಾರದ್ದಲ್ಲ. ಪ್ರತಿ ಅಂಕಿಯ ಪಕ್ಕ ಜಿ ಅಥವಾ ವೈ ಎಂಬ ಅಕ್ಷರ ಇರುತ್ತದೆ. ಜಿ ಎಂದರೆ ಪರೀಕ್ಷಿಸಿ ಒಪ್ಪಿದ ಅಂಕಿ. ವೈ ಎಂದರೆ ಅನುಮಾನ ಇದೆ, ಅಥವಾ ಪೂರ್ತಿ ಪರೀಕ್ಷೆ ಆಗಿಲ್ಲ. ದೊಡ್ಡ ಆರ್ಕೈವ್ ಫೈಲಿನಲ್ಲಿ ಕೊನೆಯ ಮೂರು ತಿಂಗಳು ಇರುವುದಿಲ್ಲ, ಅವುಗಳ ಪರೀಕ್ಷೆ ಇನ್ನೂ ನಡೆಯುತ್ತಿರುತ್ತದೆ. ಅವಕ್ಕೆ ಬೇರೆ ಫೈಲ್. ಉಪ್ಸಾಲಾ ಎಂದು ಹುಡುಕಿದರೆ ಒಂದಕ್ಕಿಂತ ಹೆಚ್ಚು ಕೇಂದ್ರ ಸಿಗುತ್ತವೆ, ಊರಿನದ್ದು ಬೇರೆ, ವಿಮಾನ ನಿಲ್ದಾಣದ್ದು ಬೇರೆ. ಎರಡನ್ನೂ ಸೇರಿಸಿ ಒಂದೇ ಗ್ರಾಫ್ ಹಾಕಬಾರದು. ಯಾಕೆ ಎನ್ನುವುದು ಅಪ್ಪನ ಮಳೆ ಪುಸ್ತಕದಲ್ಲಿದೆ. ಅಂಕಿಗಳನ್ನು ಯಾರು ಬೇಕಾದರೂ ಬಳಸಬಹುದು, ಮೂಲದ ಹೆಸರು ಹೇಳಿದರೆ ಸಾಕು.

ಮಳೆಯ ಸೂಚಕವನ್ನೂ ನೋಡಿ. 1930ರ ಸುಮಾರಿಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಇದ್ದದ್ದು ಈಗ 700ರ ಹತ್ತಿರ ಬಂದಿದೆ. ಮಲೆನಾಡಿನವರಿಗೆ ಇದು ಜುಲೈ ತಿಂಗಳ ಕೆಲವು ದಿನದ ಮಳೆ. ಆದರೆ ಅಷ್ಟು ಹೆಚ್ಚಳವೂ ಇಲ್ಲಿನ ನದಿಗಳಿಗೆ, ನೆಲಮಾಳಿಗೆಗಳಿಗೆ ದೊಡ್ಡದೇ.

ಸಮುದ್ರ ಮಟ್ಟದ ಪುಟ ನನ್ನ ಮೆಚ್ಚಿನದ್ದು. ಸ್ವೀಡನ್ನಿನಲ್ಲಿ ನೆಲವೇ ಮೇಲೇಳುತ್ತಿದೆ. ಹಿಮಯುಗದಲ್ಲಿ ಮೇಲೆ ಕೂತಿದ್ದ ದಪ್ಪ ಮಂಜಿನ ಭಾರಕ್ಕೆ ಕುಸಿದಿದ್ದ ನೆಲ, ಭಾರ ಹೋದ ಮೇಲೆ ಇನ್ನೂ ಮೇಲೆ ಬರುತ್ತಲೇ ಇದೆ. ಸ್ಟಾಕ್‌ಹೋಮ್‌ನಲ್ಲಿ ವರ್ಷಕ್ಕೆ ಸುಮಾರು 5 ಮಿಲಿಮೀಟರ್. ಉತ್ತರದ ಬಾಟ್ನಿಯಾ ಕೊಲ್ಲಿಯಲ್ಲಿ ಸುಮಾರು ಒಂದು ಸೆಂಟಿಮೀಟರ್. ಸೆಲ್ಸಿಯಸ್ ಇದನ್ನೂ ಬಿಟ್ಟಿರಲಿಲ್ಲ. 1731ರಲ್ಲಿ ಯೇವ್ಲೆ ಹತ್ತಿರದ ಲೋವ್‌ಗ್ರುಂಡ್ ದ್ವೀಪದ ಬಂಡೆಯ ಮೇಲೆ ನೀರಿನ ಮಟ್ಟದ ಗುರುತು ಕೆತ್ತಿಸಿದ. ಆ ಗುರುತು ಈಗ ನೀರಿನಿಂದ ಎಷ್ಟೋ ಮೇಲಿದೆ. ಇದನ್ನು ನೋಡಿದವರಿಗೆ ಸಮುದ್ರ ಇಳಿಯುತ್ತಿದೆ ಅನ್ನಿಸುವುದು ಸಹಜ. ಸೂಚಕದಲ್ಲಿ ನೆಲ ಏಳುವುದನ್ನು ಕಳೆದು ತೋರಿಸುತ್ತಾರೆ. ಕಳೆದ ಮೇಲೆ ಸಮುದ್ರ ಏರುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಎರಡು ನಿಜಗಳನ್ನು ಬೇರ್ಪಡಿಸಿ ತೋರಿಸುವ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮುಂದಿನ ಕಾಲದ ನಕ್ಷೆಗಳಿಗೆ ಮಾತ್ರ ನಾನು ಸ್ವಲ್ಪ ಕಡಿಮೆ ಅಂಕ ಕೊಡುತ್ತೇನೆ. ಕೆಲಸ ಗಟ್ಟಿಯಾದದ್ದೇ. ಸಂಸ್ಥೆಯ ರಾಸ್‌ಬಿ ಕೇಂದ್ರ 1997ರಿಂದ ಇದನ್ನೇ ಮಾಡುತ್ತಿದೆ. ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ಎಷ್ಟು ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಬೇರೆ ಬೇರೆ ಹಾದಿಗಳನ್ನು ಹೋಲಿಸಬಹುದು. ಆದರೆ ನಕ್ಷೆಗಳು ಬಹುವರ್ಷಗಳ ಸರಾಸರಿಯವು. ಕುಣಿಯುವ ಕಂಬಗಳು ಅಲ್ಲಿ ಕಾಣುವುದಿಲ್ಲ. ನೋಡಿದವರಿಗೆ ಇನ್ನು ಮುಂದೆ ಚಳಿಯೇ ಬಾರದು ಅನ್ನಿಸಿಬಿಡುತ್ತದೆ. ಒಂದು ಘೋರ ಚಳಿಗಾಲ ಬಂದರೆ ಇಡೀ ನಕ್ಷೆಯನ್ನೇ ಸುಳ್ಳು ಅನ್ನುತ್ತಾರೆ. ಇಲ್ಲಿನ ಊರಾಡಳಿತಗಳು ಬಿಸಿಗೂ ತಯಾರಾಗಬೇಕು, ಹಿಮ ತೆಗೆಯುವ ಗಾಡಿಗಳನ್ನೂ ಮಾರಬಾರದು. ಅದನ್ನು ನಕ್ಷೆಯ ಪಕ್ಕದಲ್ಲೇ ಹೇಳಬೇಕು.

ಭಾಷೆಯ ವಿಷಯ. ಇಂಗ್ಲಿಷ್ ಪುಟಗಳಿವೆ, ಆದರೆ ವಿವರ ಜಾಸ್ತಿ ಇರುವುದು ಸ್ವೀಡಿಷ್‌ನಲ್ಲಿ. ಬ್ರೌಸರ್‌ನ ಅನುವಾದ ಹಾಕಿಕೊಂಡರೆ ಸಾಕಾಗುತ್ತದೆ, ಚಿತ್ರಗಳಿಗಂತೂ ಭಾಷೆಯೇ ಬೇಡ. ಉಪ್ಸಾಲಾದ 300 ವರ್ಷದ ಸರಣಿಯನ್ನು ಮೊದಲ ಪುಟಕ್ಕೇ ತಂದಿಟ್ಟರೆ ಎಷ್ಟು ಚೆನ್ನ ಎನ್ನುವುದು ನನ್ನ ಆಸೆ.

ಒಟ್ಟು ಐದಕ್ಕೆ ನಾಲ್ಕೂವರೆ. ಸ್ವೀಡನ್ನಿಗೆ ಹೊಸದಾಗಿ ಬಂದವರು, ಇಲ್ಲಿ ಓದುವ ಮಕ್ಕಳಿರುವ ಅಪ್ಪ ಅಮ್ಮಂದಿರು, ಊರಿನಲ್ಲಿ ಮಳೆ ಲೆಕ್ಕ ಬರೆದಿಡುವವರು, ಎಲ್ಲರೂ ಒಮ್ಮೆ ನೋಡಿ. ನಾರ್ವೆ, ಫಿನ್‌ಲ್ಯಾಂಡ್‌ನಲ್ಲಿರುವವರಿಗೂ ಅಲ್ಲಿನ ಹವಾಮಾನ ಸಂಸ್ಥೆಗಳು ಹೀಗೇ ಅಂಕಿಗಳನ್ನು ಪುಕ್ಕಟೆ ಕೊಡುತ್ತವೆ. ಮೊದಲು ವರ್ಷದ ಚಿತ್ರ, ಆಮೇಲೆ ಚಳಿಗಾಲದ್ದು, ಆಮೇಲೆ ನಿಮ್ಮ ಊರಿನ ಕೇಂದ್ರ. ಈ ಕ್ರಮದಲ್ಲಿ ನೋಡಿದರೆ ಬೇಗ ಅರ್ಥವಾಗುತ್ತದೆ. ದೊಡ್ಡ ಪರದೆಯಲ್ಲಿ ನೋಡಿ. ಫೋನಿನಲ್ಲಿ 160 ವರ್ಷದ ಕಂಬಗಳು ತೀರ ಸಣ್ಣಗೆ ಕಾಣುತ್ತವೆ.